ಕೂಸಿನ ಬಾಲಮೂಳೆಯ ಗಡ್ಡೆಯಿಂದ ಹೆರಿಗೆ ನಿಂತಾಗ: ತಾಲ್ಲೂಕು ಆಸ್ಪತ್ರೆಯವರಿಗೂ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

ತಲೆ ಬಂತು, ಹೆಗಲೂ ಬಂತು, ಕೂಸು ಎದೆಯವರೆಗೆ ಹೊರಗಿದೆ. ಅಲ್ಲಿಗೆ ನಿಂತುಬಿಟ್ಟಿತು. ಬ್ಯಾನಿ ಜೋರಾಗಿಯೇ ಇದೆ, ತಾಯಿ ಮುಕ್ಕುತ್ತಿದ್ದಾಳೆ, ಆದರೂ ಒಂದಿಂಚು ಸರಿಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಯಾರ ಕೈಯಾದರೂ ಮೊದಲು ಎಳೆಯಲು ಹೋಗುತ್ತದೆ. ಕೂಸಿನ ಬೆನ್ನಿನ ತುದಿಯಲ್ಲಿ ಗಡ್ಡೆ ಇದ್ದರೆ ಆ ಎಳೆತದಿಂದಲೇ ಗಡ್ಡೆ ಹರಿದು, ಕೂಸು ನಿಮಿಷಗಳಲ್ಲಿ ರಕ್ತ ಬಸಿದು ಸಾಯಬಹುದು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ಸ್ಟಾಫ್ ನರ್ಸ್‌ಗಳು, ಎಎನ್‌ಎಂಗಳು ಮತ್ತು ಬಸುರಿಯ ಮನೆಯವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ. ಔಷಧಿ, ಸೂಜಿ, ಶಸ್ತ್ರಚಿಕಿತ್ಸೆಯ ಮಾತು ವೈದ್ಯರಿಗೂ ನರ್ಸ್‌ಗಳಿಗೂ ಸಂಬಂಧಿಸಿದ್ದು. ಸ್ಕ್ಯಾನಿಂಗ್, ಓಡಾಟ, ದಾಖಲೆಗಳ ಭಾಗವನ್ನು ಮನೆಯವರು ತಪ್ಪದೆ ಓದಬೇಕು. ಈ ಗಡ್ಡೆಯ ವಿಷಯದಲ್ಲಿ ಹೆರಿಗೆ ಕೋಣೆಯ ಜಾಣತನಕ್ಕಿಂತ ನಾಲ್ಕು ತಿಂಗಳು ಮೊದಲೇ ಅದನ್ನು ಕಂಡುಹಿಡಿಯುವುದು ಹೆಚ್ಚು ಕೂಸುಗಳನ್ನು ಉಳಿಸುತ್ತದೆ.

ಗಡ್ಡೆ ಯಾವುದು

ವೈದ್ಯರು ಇದನ್ನು ಸ್ಯಾಕ್ರೋಕಾಕ್ಸಿಜಿಯಲ್ ಟೆರಟೋಮಾ ಎನ್ನುತ್ತಾರೆ. ಬೆನ್ನೆಲುಬಿನ ಕೊನೆಯಲ್ಲಿ, ಬಾಲಮೂಳೆಗೆ ಅಂಟಿಕೊಂಡು ಬೆಳೆಯುತ್ತದೆ. ಕೂಸಿನ ದೇಹ ರೂಪುಗೊಳ್ಳುವ ಮೊದಲ ವಾರಗಳಲ್ಲಿ ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಕೆಲವು ಜೀವಕೋಶಗಳು ಆ ಜಾಗದಲ್ಲಿ ಉಳಿದುಬಿಡುತ್ತವೆ. ಅವುಗಳಿಂದಲೇ ಗಡ್ಡೆ ಹುಟ್ಟುತ್ತದೆ. ಅದಕ್ಕೇ ಅದರೊಳಗೆ ಕೊಬ್ಬು, ಕೂದಲು, ಮೃದ್ವಸ್ಥಿ, ನೀರಿನ ಚೀಲ ಎಲ್ಲವೂ ಸಿಗುತ್ತವೆ. ಸುಮಾರು 35,000ದಿಂದ 40,000 ಹೆರಿಗೆಗಳಿಗೆ ಒಂದರಂತೆ ಕಾಣುತ್ತದೆ. ಗಂಡು ಕೂಸುಗಳಿಗಿಂತ ಹೆಣ್ಣು ಕೂಸುಗಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಗ್ರಹಣದಲ್ಲಿ ಹೊರಗೆ ಬಂದದ್ದು, ಬಸುರಿಯಲ್ಲಿ ಏನೋ ತಿಂದದ್ದು, ಯಾರದೋ ಕಣ್ಣು ಬಿದ್ದದ್ದು, ಇವು ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ. ತಾಯಿಯನ್ನು ಯಾರೂ ದೂರಬಾರದು.

ಹುಟ್ಟುವ ಹೊತ್ತಿಗೆ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಜೀವಕ್ಕೆ ಕುತ್ತು ಬರುವುದು ಗಾತ್ರದಿಂದ ಮತ್ತು ರಕ್ತನಾಳಗಳಿಂದ. ಘನವಾದ ಗಡ್ಡೆ ಕೂಸಿನ ರಕ್ತವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಹೃದಯ ಎರಡು ಪಾಲು ದುಡಿದು ಸೋಲುತ್ತದೆ, ಕೂಸಿನ ಮೈಯಲ್ಲೆಲ್ಲ ನೀರು ತುಂಬುತ್ತದೆ. ಬರೀ ನೀರಿನ ಚೀಲಗಳಿಂದಾದ ಗಡ್ಡೆ ನೋಡಲು ದೊಡ್ಡದಿದ್ದರೂ ಅಷ್ಟು ಅಪಾಯಕಾರಿಯಲ್ಲ. ಬೇಕಾದರೆ ಅದರ ನೀರು ತೆಗೆದು ಕುಗ್ಗಿಸಲೂಬಹುದು. ಘನವೋ ನೀರಿನದೋ ಎಂಬ ಈ ಒಂದು ವ್ಯತ್ಯಾಸ ಮುಂದಿನ ಎಲ್ಲ ಹೆಜ್ಜೆಗಳನ್ನೂ ನಿರ್ಧರಿಸುತ್ತದೆ.

ಗಡ್ಡೆಯಲ್ಲಿ ನಾಲ್ಕು ಬಗೆ. ಒಂದನೆಯದು ಬಹುತೇಕ ಹೊರಗೇ ಜೋತಿರುತ್ತದೆ. ಎರಡನೆಯದು ಹೊರಗಿದ್ದೂ ಸೊಂಟದೊಳಗೆ ಬೇರು ಬಿಟ್ಟಿರುತ್ತದೆ. ಮೂರನೆಯದು ಹೊರಗೆ ಸ್ವಲ್ಪ, ಒಳಗೇ ಹೆಚ್ಚು. ನಾಲ್ಕನೆಯದು ಪೂರ್ತಿ ಒಳಗೆ. ಹೆರಿಗೆಯನ್ನು ನಿಲ್ಲಿಸುವುದು ಹೆಚ್ಚಾಗಿ ಮೊದಲ ಎರಡು. ನಾಲ್ಕನೆಯದು ಹೆರಿಗೆಯಲ್ಲಿ ಸುಮ್ಮನಿದ್ದು, ಮಗುವಿಗೆ ವರ್ಷ ಎರಡು ವರ್ಷವಾದಾಗ ಮಲಬದ್ಧತೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚಿರುತ್ತದೆ.

ಐದನೇ ತಿಂಗಳ ಸ್ಕ್ಯಾನ್

18ರಿಂದ 22ನೇ ವಾರದೊಳಗೆ ಅನಾಮಲಿ ಸ್ಕ್ಯಾನ್ (ಕೂಸಿನ ಅಂಗಗಳ ದೋಷ ಹುಡುಕುವ ಸ್ಕ್ಯಾನ್) ಆಗಲೇಬೇಕು. ಸ್ಕ್ಯಾನ್ ಮಾಡುವವರು ಬೆನ್ನೆಲುಬನ್ನು ಉದ್ದಕ್ಕೂ ಅಡ್ಡಕ್ಕೂ ಕೊನೆಯ ಮೂಳೆಯವರೆಗೆ ನೋಡಬೇಕು. ಕೂಸು ಕುಂಡಿಯನ್ನು ಗರ್ಭದ ಗೋಡೆಗೆ ಒತ್ತಿಕೊಂಡಿದ್ದರೆ ತಾಯಿಯನ್ನು ಸ್ವಲ್ಪ ನಡೆದಾಡಿಸಿ ಮತ್ತೆ ನೋಡಿ. 'ಕಾಣಲಿಲ್ಲ' ಎಂದು ಬರೆದು ಬಿಟ್ಟುಬಿಡಬೇಡಿ.

ಗಡ್ಡೆ ಕಂಡರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಬೆನ್ನುಹುರಿಯ ಚೀಲವೇ ಎಂದು. ಬೆನ್ನುಹುರಿಯ ಚೀಲವಾದರೆ ಮೂಳೆಯಲ್ಲಿ ಬಿರುಕಿರುತ್ತದೆ, ತಲೆಬುರುಡೆಯ ಮುಂಭಾಗ ನಿಂಬೆಹಣ್ಣಿನ ಆಕಾರಕ್ಕೆ ಚೂಪಾಗಿರುತ್ತದೆ. ಟೆರಟೋಮಾದಲ್ಲಿ ಬೆನ್ನೆಲುಬು ಸರಿಯಾಗಿರುತ್ತದೆ, ತಲೆಯಲ್ಲಿ ಬದಲಾವಣೆ ಇರುವುದಿಲ್ಲ.

ಆಮೇಲೆ ಅಳತೆ. ಉದ್ದ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಗಡ್ಡೆಯ ಗಾತ್ರ ಮಿಲಿಲೀಟರಿನಲ್ಲಿ ಸಿಗುತ್ತದೆ. ಅದನ್ನು ಕೂಸಿನ ಅಂದಾಜು ತೂಕದಿಂದ ಭಾಗಿಸಿ. 6, 5, 4 ಸೆಂ.ಮೀ. ಗಡ್ಡೆಯ ಗಾತ್ರ ಸುಮಾರು 62 ಮಿ.ಲೀ. ಕೂಸು 500 ಗ್ರಾಂ ಇದ್ದರೆ ಅನುಪಾತ 0.124. 24 ವಾರಕ್ಕೆ ಮೊದಲೇ ಇದು 0.12 ದಾಟಿದ್ದರೆ ಆ ಕೂಸಿಗೆ ಗಂಡಾಂತರ ಹೆಚ್ಚು ಎಂದೇ ತಿಳಿಯಬೇಕು. ಇದರ ಜೊತೆ ಗಡ್ಡೆ ಘನವೋ ನೀರಿನದೋ, ಡಾಪ್ಲರ್‌ನಲ್ಲಿ (ರಕ್ತದ ಓಟ ತೋರಿಸುವ ಸ್ಕ್ಯಾನ್) ರಕ್ತದ ಹರಿವು ಎಷ್ಟು, ಹೃದಯ ಹಿಗ್ಗಿದೆಯೇ, ಮಾಸು ದಪ್ಪವಾಗಿದೆಯೇ, ಗರ್ಭದ ನೀರು ಹೆಚ್ಚಿದೆಯೇ, ಸೊಂಟದೊಳಗಿನ ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಸಿದೆಯೇ, ಎಲ್ಲವನ್ನೂ ವರದಿಯಲ್ಲಿ ಬರೆಸಿಕೊಳ್ಳಿ. ಬರೀ 'ಗಡ್ಡೆ ಇದೆ' ಎಂಬ ವರದಿ ಮುಂದಿನ ವೈದ್ಯರ ಉಪಯೋಗಕ್ಕೆ ಬರುವುದಿಲ್ಲ.

ಬಸಿರು ಮುಂದುವರಿಸಬೇಕೇ ಎಂಬ ಪ್ರಶ್ನೆ ಬರುತ್ತದೆ, ಬರಲಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ, 24 ವಾರ ದಾಟಿದ ಮೇಲೆ ಕೂಸಿನ ಗಂಭೀರ ನ್ಯೂನತೆಯ ಬಗ್ಗೆ ತೀರ್ಮಾನಿಸುವುದು ವೈದ್ಯಕೀಯ ಮಂಡಳಿ. ಆದರೆ ಗಡ್ಡೆ ಎಂದ ಮಾತ್ರಕ್ಕೆ ಆಸೆ ಬಿಡಬೇಕಾಗಿಲ್ಲ. ಹೃದಯ ಸೋಲದೆ ತುಂಬು ತಿಂಗಳ ಹತ್ತಿರಕ್ಕೆ ಬಂದ ಕೂಸುಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯ ನಂತರ ಚೆನ್ನಾಗಿ ಬೆಳೆಯುತ್ತವೆ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಿ.

ಕುಬಸದ ನಂತರದ ತಿಂಗಳುಗಳು

ನಮ್ಮ ಕಡೆ ಏಳನೇ ತಿಂಗಳಿಗೆ ಕುಬಸ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಗಂಡನ ಊರು ಸಿಂದಗಿ, ತವರು ರಾಯಬಾಗ ಎಂದಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆ ಬದಲಾಗುತ್ತಾರೆ, ಸ್ಕ್ಯಾನ್ ಮಾಡುವವರು ಬದಲಾಗುತ್ತಾರೆ, ಹಳೆಯ ವರದಿ ಅತ್ತೆಯ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ. ಕಬ್ಬು ಕಡಿಯಲು ಹೋಗುವ ಕುಟುಂಬಗಳಲ್ಲೂ ಹೀಗೇ ಕೊಂಡಿ ತಪ್ಪುತ್ತದೆ. ಗಡ್ಡೆ ಬಿರುಸಾಗಿ ಬೆಳೆಯುವುದೂ ಈ ತಿಂಗಳುಗಳಲ್ಲೇ. ಆದ್ದರಿಂದ ತವರಿಗೆ ಹೊರಡುವ ಮುನ್ನ ಎಲ್ಲ ಸ್ಕ್ಯಾನ್ ವರದಿಗಳ ಫೋಟೊ ಮೂವರ ಮೊಬೈಲಿನಲ್ಲಿರಲಿ: ಬಸುರಿ, ಗಂಡ, ತವರಿನ ಆಶಾ. ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ: 'ಕೂಸಿನ ಬಾಲಮೂಳೆಗೆ ಗಡ್ಡೆ. ಸಾಮಾನ್ಯ ಹೆರಿಗೆಗೆ ಬಿಡಬಾರದು, ನೋವು ಹೆಚ್ಚಿಸುವ ಔಷಧಿ ಬೇಡ.'

ಸ್ಕ್ಯಾನ್ ಎರಡು ವಾರಕ್ಕೊಮ್ಮೆ ಆಗಲಿ. ಗಡ್ಡೆ ಬೇಗ ಬೆಳೆಯುತ್ತಿದ್ದರೆ ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ. ತಾಯಿಯ ಹೊಟ್ಟೆ ದಿನ ತುಂಬುವ ಮೊದಲೇ ಬಿಗಿದು ಉಸಿರುಗಟ್ಟಿದಂತಾದರೆ ಗರ್ಭದ ನೀರು ಹೆಚ್ಚಿದೆ ಎಂದರ್ಥ. ಅದರ ಹಿಂದೆಯೇ ಅವಧಿಗೆ ಮುಂಚಿನ ನೋವು ಬರುತ್ತದೆ. ತಾಯಿಯ ಮುಖ, ಕೈ ಊದಿ, ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಕೂಸಿನ ಮೈನೀರು ತಾಯಿಯಲ್ಲೂ ಪ್ರತಿಫಲಿಸುತ್ತಿದೆ. ಇದನ್ನು ಮಿರರ್ ಸಿಂಡ್ರೋಮ್ ಎನ್ನುತ್ತಾರೆ. ನೋಡಲು ಪ್ರಿಎಕ್ಲಾಂಪ್ಸಿಯದಂತೆಯೇ (ಬಸುರಿಯರ ರಕ್ತದೊತ್ತಡದ ಕಾಯಿಲೆ) ಇದ್ದರೂ ಇಲ್ಲಿ ತಾಯಿಯ ರಕ್ತ ನೀರಾಗಿರುತ್ತದೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಇಳಿದಿರುತ್ತದೆ. ಆ ಹಂತದಲ್ಲಿ ಕಾಯುವುದು ತಾಯಿಯ ಜೀವಕ್ಕೇ ಅಪಾಯ.

ಎಲ್ಲಿಗೆ ಹೋಗಬೇಕು

ಆಸ್ಪತ್ರೆಯ ಕಟ್ಟಡ ನೋಡಿ ಆರಿಸಬೇಡಿ. ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ಮಕ್ಕಳ ಶಸ್ತ್ರಚಿಕಿತ್ಸಕರು ಆ ವಾರ ಊರಿನಲ್ಲಿದ್ದಾರೆಯೇ, ನವಜಾತ ಶಿಶುಗಳಿಗೆ ವೆಂಟಿಲೇಟರ್ ಖಾಲಿ ಇದೆಯೇ, ರಾತ್ರಿ ಅರಿವಳಿಕೆ ತಜ್ಞರು ಸಿಗುತ್ತಾರೆಯೇ, ಓ ನೆಗೆಟಿವ್ ರಕ್ತ ಸಿಗುತ್ತದೆಯೇ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಇವೆಲ್ಲ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ಅಲ್ಲೂ ಕೇಳಿಯೇ ಹೋಗಬೇಕು. ಜಿಲ್ಲೆಯ ಗಡಿಗೆ ಕಟ್ಟುಬೀಳಬೇಡಿ. ಅಥಣಿಯವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ವಿಜಯಪುರ ಹತ್ತಿರ, ಮಹಾರಾಷ್ಟ್ರದ ಮಿರಜ ಇನ್ನೂ ಹತ್ತಿರ. ಮಿರಜಕ್ಕೆ ಹೋಗುವುದಾದರೆ ನಮ್ಮ ರಾಜ್ಯದ ಯೋಜನೆಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ.

36ನೇ ವಾರಕ್ಕೆ ಮುಂಚೆಯೇ ಆ ಊರಿಗೆ ಹೋಗಿ ಉಳಿಯುವುದು ಒಳ್ಳೆಯದು. ಚೀಲದಲ್ಲಿ ತಾಯಿ ಕಾರ್ಡ್, ಎಲ್ಲ ವರದಿ, ಆಧಾರ್, ಬಿಪಿಎಲ್ ಕಾರ್ಡ್ ಇರಲಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗಿರಲಿ. ನಡುವೆಯೇ ನೋವು ಬಂದರೆ 108ಕ್ಕೆ ಕರೆ ಮಾಡುವಾಗ 'ಹೆರಿಗೆ ನೋವು' ಎಂದಷ್ಟೇ ಹೇಳದೆ ಗಡ್ಡೆಯ ವಿಷಯವನ್ನೂ ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ನೋವು ಈಗಷ್ಟೇ ಶುರುವಾಗಿದ್ದು ರಕ್ತದೊತ್ತಡ ಸರಿಯಿದ್ದರೆ ನಿಫೆಡಿಪಿನ್ 20 ಮಿ.ಗ್ರಾಂ. ನುಂಗಿಸಿ. 34 ವಾರದೊಳಗಿದ್ದರೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ. ಸ್ನಾಯುವಿಗೆ ಕೊಟ್ಟು, ಎಡಮಗ್ಗುಲಲ್ಲಿ ಮಲಗಿಸಿ, ನರ್ಸ್ ಜೊತೆಗೆ ಕಳಿಸಿ. ಉಳಿದ ಮೂರು ಡೋಸ್ 12 ಗಂಟೆಗೊಂದರಂತೆ ಅಲ್ಲಿ ಕೊಡುತ್ತಾರೆ. ಗರ್ಭದ ಬಾಯಿ ಪೂರ್ತಿ ತೆರೆದಿದ್ದರೆ ಕಳಿಸಬೇಡಿ, ತಜ್ಞರನ್ನೇ ಅಲ್ಲಿಗೆ ಕರೆಸಿ.

ಯೋಜಿತ ಸಿಸೇರಿಯನ್

ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದಿದ್ದರೆ ಸಿಸೇರಿಯನ್ ಎಂಬುದು ಹೆಚ್ಚಿನವರು ಪಾಲಿಸುವ ಗೆರೆ. ಪೂರ್ತಿ ನೀರಿನ ಗಡ್ಡೆಯಾದರೆ ಕೆಲವರು ಸ್ವಲ್ಪ ಸಡಿಲ ಬಿಡುತ್ತಾರೆ. ನಮ್ಮ ಜಿಲ್ಲೆಗಳ ದೂರ, ರಾತ್ರಿಯ ರಸ್ತೆ ನೋಡಿದರೆ ಆ ಸಡಿಲ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಸಿಸೇರಿಯನ್ನಿನಲ್ಲೂ ಕೂಸು ಸಿಕ್ಕಿಕೊಳ್ಳಬಹುದು ಎಂಬುದನ್ನು ಮರೆಯುತ್ತಾರೆ. ಕೆಳಭಾಗದ ಅಡ್ಡ ಕೊಯ್ತದಿಂದ ತಲೆ ಸಲೀಸಾಗಿ ಬರುತ್ತದೆ, ಹಿಂದಿನ ಗಡ್ಡೆ ಬರುವುದಿಲ್ಲ. ಆಗ ಎಳೆದರೆ ಕೊಯ್ತ ಪಕ್ಕಕ್ಕೆ ಹರಿದು ಗರ್ಭದ ದೊಡ್ಡ ರಕ್ತನಾಳಕ್ಕೆ ತಾಗುತ್ತದೆ. ಆದ್ದರಿಂದ ಗಡ್ಡೆ ದೊಡ್ಡದಿದ್ದರೆ ಮೊದಲೇ ಗರ್ಭಕ್ಕೆ ಲಂಬ ಕೊಯ್ತ ಹಾಕಿ. ಕೂಸಿನ ಮೈ ಹಿಡಿದು ತಂದರೆ ಗಡ್ಡೆ ಹಿಂದೆ ಜೋತಾಡುತ್ತದೆ, ಅದಾಗಬಾರದು. ಅಂಗೈಯನ್ನು ಗಡ್ಡೆಯ ಕೆಳಗೆ ಬಟ್ಟಲಿನಂತೆ ಹಿಡಿದು ಮೈಯನ್ನೂ ಗಡ್ಡೆಯನ್ನೂ ಒಟ್ಟಿಗೇ ಎತ್ತಿ. ಬೆರಳ ತುದಿ ಒತ್ತಬಾರದು. ಗಡ್ಡೆಯ ಮೇಲಿನ ಚರ್ಮ ನೆನೆದ ಕಾಗದದಷ್ಟು ತೆಳುವಾಗಿರಬಹುದು. ಗರ್ಭ ಬಿಗಿದುಕೊಂಡರೆ ಅರಿವಳಿಕೆ ತಜ್ಞರು ನೈಟ್ರೋಗ್ಲಿಸರಿನ್ 50ರಿಂದ 100 ಮೈಕ್ರೋಗ್ರಾಂ ರಕ್ತನಾಳಕ್ಕೆ ಕೊಟ್ಟು ಸಡಿಲಿಸುತ್ತಾರೆ.

ಯಾರಿಗೂ ಗೊತ್ತಿರದೆ ಕೂಸು ಸಿಕ್ಕಿಕೊಂಡಾಗ

ಮೊದಲು ಇದು ಹೆಗಲು ಸಿಕ್ಕಿಕೊಂಡದ್ದಲ್ಲ ಎಂದು ಖಚಿತಪಡಿಸಿಕೊಳ್ಳಿ. ಹೆಗಲು ಸಿಕ್ಕಿಕೊಂಡರೆ ತಲೆ ಆಮೆಯಂತೆ ಒಳಕ್ಕೆ ಜಗ್ಗುತ್ತದೆ. ಇಲ್ಲಿ ಹೆಗಲು ಬಂದಾಗಿದೆ, ತಡೆ ಇರುವುದು ಅದರ ಕೆಳಗೆ. ಹೊಟ್ಟೆಯಲ್ಲಿ ನೀರು ತುಂಬಿದ ಕೂಸು, ಮೂತ್ರಚೀಲ ಊದಿದ ಕೂಸು, ಅಂಟಿಕೊಂಡ ಅವಳಿಗಳು ಕೂಡ ಹೀಗೇ ನಿಲ್ಲುತ್ತವೆ. ಕುಂಡಿ ಮುಂದಾಗಿ ಬರುವ ಹೆರಿಗೆಯಲ್ಲಿ ಗಡ್ಡೆಯೇ ಮೊದಲು ಬೆರಳಿಗೆ ಸಿಗುತ್ತದೆ. ಅದನ್ನು ನೀರಿನ ಚೀಲವೆಂದು ತಿಳಿದು ಸೂಜಿಯಿಂದ ಒಡೆಯಲು ಹೋಗುವ ತಪ್ಪು ಆಗಬಾರದು.

1. ಎಳೆಯುವುದನ್ನು ನಿಲ್ಲಿಸಿ. ಹೊಟ್ಟೆಯ ಮೇಲಿಂದ ಯಾರೂ ಒತ್ತಬಾರದು. ಆಕ್ಸಿಟೋಸಿನ್ ಡ್ರಿಪ್ ಇದ್ದರೆ ಮುಚ್ಚಿ. 'ಮುಕ್ಕಬ್ಯಾಡವ್ವ, ಬಾಯಿಂದ ಉಸಿರು ಬಿಡು' ಎಂದು ತಾಯಿಗೆ ಹೇಳಿ. ಗಡಿಯಾರ ನೋಡಿ ಸಮಯ ಬರೆದಿಡಿ.

2. ಕೂಗಿ ಜನ ಸೇರಿಸಿ: ಎರಡನೇ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ಓಟಿ ಸಿಬ್ಬಂದಿ. ತಾಯಿಗೆ 16 ಅಥವಾ 18 ಗೇಜಿನ ಎರಡು ಕ್ಯಾನುಲಾ ಹಾಕಿ, ಎರಡು ಯೂನಿಟ್ ರಕ್ತಕ್ಕೆ ಕ್ರಾಸ್‌ಮ್ಯಾಚ್ ಕಳಿಸಿ.

3. ಒಬ್ಬರು ಕೂಸನ್ನೇ ನೋಡಿಕೊಳ್ಳಲಿ. ಬೆಚ್ಚಗಿನ ಒಣ ಬಟ್ಟೆಯಲ್ಲಿ ಹೊರಗಿರುವ ಮೈಯನ್ನು ಆತುಕೊಂಡು ಹಿಡಿಯಲಿ, ಕುತ್ತಿಗೆ ಜೋತಾಡಬಾರದು. ಬಾಯಿ ಮೂಗು ಒರೆಸಿ. ಎದೆ ಹೊರಗಿದ್ದರೆ ಕೂಸು ಉಸಿರಾಡಬಲ್ಲದು. ಉಸಿರಿಲ್ಲದಿದ್ದರೆ ಅಲ್ಲೇ ಬ್ಯಾಗ್ ಮಾಸ್ಕ್ ಹಿಡಿಯಿರಿ. ಈ ಒಂದು ಕೆಲಸ ಮುಂದಿನ ಎಲ್ಲ ಕೆಲಸಗಳಿಗೂ ಸಮಯ ಕೊಡುತ್ತದೆ.

4. ತಾಯಿಯನ್ನು ಮೇಜಿನ ಅಂಚಿಗೆ ತಂದು ತೊಡೆಗಳನ್ನು ಹೊಟ್ಟೆಯ ಕಡೆ ಮಡಿಸಿ. ಕ್ಯಾಥೆಟರ್ ಹಾಕಿ ಮೂತ್ರಚೀಲ ಖಾಲಿ ಮಾಡಿ.

5. ಕೈಗೆ ಸ್ಟೆರೈಲ್ ಜೆಲ್ಲಿ ಧಾರಾಳವಾಗಿ ಸವರಿ ತಾಯಿಯ ಬೆನ್ನೆಲುಬಿನ ಕಡೆಯಿಂದ, ಕೂಸಿನ ಮೈಗುಂಟ ಮೇಲಕ್ಕೆ ಹೋಗಿ. ಕೂಸಿನ ಹೊಟ್ಟೆ ಮೆತ್ತಗಿದ್ದು ಕುಂಡಿಯ ಹಿಂದೆ ಉಂಡೆ ಸಿಕ್ಕರೆ ಅದೇ ಗಡ್ಡೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲದಂತೆ ಒತ್ತಿದರೆ ತಗ್ಗಿ ಮತ್ತೆ ಉಬ್ಬಿದರೆ ಅದು ನೀರಿನ ಗಡ್ಡೆ. ನಾದಿದ ಹಿಟ್ಟಿನಂತೆ ಗಟ್ಟಿಯಾಗಿದ್ದು ಒಳಗೆ ಮಿಡಿತ ಸಿಕ್ಕರೆ ಘನ. ಸ್ಕ್ಯಾನ್ ಯಂತ್ರ ಇದ್ದರೆ ಹೊಟ್ಟೆಯ ಮೇಲಿಂದಲೂ ನೋಡಿ.

6. ಗರ್ಭ ಸಡಿಲಾಗಬೇಕು. ನೈಟ್ರೋಗ್ಲಿಸರಿನ್ ಮೇಲೆ ಹೇಳಿದ ಪ್ರಮಾಣದಲ್ಲಿ, ಅಥವಾ ಟರ್ಬುಟಲಿನ್ 0.25 ಮಿ.ಗ್ರಾಂ. ಚರ್ಮದ ಕೆಳಗೆ. ಹೃದ್ರೋಗವಿದ್ದರೆ, ರಕ್ತಸ್ರಾವ ನಡೆದಿದ್ದರೆ ಟರ್ಬುಟಲಿನ್ ಬೇಡ. ಪೂರ್ಣ ಅರಿವಳಿಕೆ ಸಿಗುವುದಾದರೆ ಅದೇ ಉತ್ತಮ. ಎಪಿಸಿಯಾಟಮಿ (ಯೋನಿದ್ವಾರದ ಅಂಚಿಗೆ ಹಾಕುವ ಕೊಯ್ತ) ಕೈ ಆಡಿಸಲು ಜಾಗ ಕೊಡುತ್ತದೆ, ಮೂಳೆಯ ಇಕ್ಕಟ್ಟನ್ನು ಬಿಡಿಸುವುದಿಲ್ಲ. ಕೊಯ್ತವನ್ನು ಹಿಗ್ಗಿಸುತ್ತಾ ಹೋಗಬೇಡಿ.

7. ನೀರಿನ ಗಡ್ಡೆಯಾದರೆ 18 ಗೇಜಿನ ಸ್ಪೈನಲ್ ಸೂಜಿಯಿಂದ, ಸಾಧ್ಯವಾದರೆ ಸ್ಕ್ಯಾನ್ ನೋಡುತ್ತ, ನಿಧಾನವಾಗಿ ನೀರು ಹೊರತೆಗೆಯಿರಿ. ಸಿರಿಂಜಿನಲ್ಲಿ ರಕ್ತ ಬಂದರೆ ಅಲ್ಲಿಗೇ ಬಿಡಿ. ಘನ ಗಡ್ಡೆಗೆ ಸೂಜಿ ಚುಚ್ಚಲೇಬಾರದು.

8. ನುರಿತ ಒಬ್ಬರೇ, ಒಂದೇ ಸಲ ಕೈಯಿಂದ ಪ್ರಯತ್ನಿಸಲಿ. ಗಡ್ಡೆಗೂ ತಾಯಿಯ ಸೊಂಟದ ಹಿಂಗೋಡೆಗೂ ನಡುವೆ ಅಂಗೈ ಸೇರಿಸಿ, ಜಾಗ ಅಗಲವಿರುವ ಕಡೆಗೆ ಕೂಸನ್ನು ಮೆಲ್ಲಗೆ ತಿರುಗಿಸಿ, ಗಡ್ಡೆಯನ್ನು ಅಂಗೈಯಲ್ಲಿಟ್ಟು ಮೈಯ ಜೊತೆಗೇ ತನ್ನಿ. ತಡೆ ಸಿಕ್ಕಿತೋ, ಬಿಟ್ಟುಬಿಡಿ.

9. ಬರಲಿಲ್ಲವಾದರೆ ಹೊಟ್ಟೆ ತೆರೆಯಿರಿ. ಎದೆಯವರೆಗೆ ಹೊರಬಂದ ಕೂಸಿಗೂ ಸಿಸೇರಿಯನ್ ಮಾಡಬಹುದು. ಒಂದು ತಂಡ ಮೇಲಿನಿಂದ ಗರ್ಭ ತೆರೆದು ಗಡ್ಡೆಯನ್ನು ಸೊಂಟದ ಇಕ್ಕಟ್ಟಿನಿಂದ ಬಿಡಿಸುತ್ತದೆ, ಇನ್ನೊಂದು ತಂಡ ಕೆಳಗೆ ಕೂಸನ್ನು ಆತುಕೊಂಡಿರುತ್ತದೆ. ಗಡ್ಡೆ ಸಡಿಲಾದ ಮೇಲೆ ಯಾವ ದಾರಿ ಸಲೀಸೋ ಆ ದಾರಿಯಲ್ಲಿ ಹೊರತನ್ನಿ. ಇಬ್ಬರೂ ಮಾತಾಡಿಕೊಂಡೇ ಕೈ ಆಡಿಸಬೇಕು. ಒಬ್ಬರು ತಳ್ಳುವಾಗ ಇನ್ನೊಬ್ಬರು ಎಳೆದರೆ ಗಡ್ಡೆ ಹರಿಯುತ್ತದೆ.

ಕೂಸು ಆಗಲೇ ತೀರಿಕೊಂಡಿದ್ದರೆ ಆತುರ ಬೇಡ, ತಾಯಿಯ ಸುರಕ್ಷತೆಯೇ ಮೊದಲು. ಅರಿವಳಿಕೆ ಕೊಟ್ಟು, ಗಡ್ಡೆಯನ್ನು ಕುಗ್ಗಿಸಿ ಹೆರಿಗೆ ಮಾಡಿಸುವುದನ್ನು ಅನುಭವವಿದ್ದವರು ಮಾತ್ರ ಮಾಡಲಿ. ಈ ನಡುವೆ ಬ್ಯಾನಿ ಥಟ್ಟನೆ ನಿಂತು, ನಾಡಿ ಏರಿ, ಹೊಟ್ಟೆ ಮುಟ್ಟಲಾಗದಷ್ಟು ನೋವಾದರೆ ಗರ್ಭ ಒಡೆದಿರಬಹುದು. ಆಗ ತಕ್ಷಣ ಓಟಿಗೆ ಒಯ್ಯಬೇಕು.

ಕೂಸು ಕೈಗೆ ಬಂದ ಮೇಲೆ

ನವಜಾತ ಕೂಸಿನ ಮೈಯಲ್ಲಿ ಕಿಲೋಗೆ ಸುಮಾರು 80 ಮಿ.ಲೀ. ರಕ್ತ. ಮೂರು ಕಿಲೋ ಕೂಸಿಗೆ 240 ಮಿ.ಲೀ. ಒಂದು ಚಹಾ ಲೋಟದ ಅರ್ಧದಷ್ಟು ಹೋದರೂ ಐದನೇ ಒಂದು ಪಾಲು ಹೋದಂತೆ. ಆದ್ದರಿಂದ ರಕ್ತವನ್ನು ಕಣ್ಣಂದಾಜಿನಲ್ಲಿ ಲೆಕ್ಕ ಹಾಕಬೇಡಿ. ಒಣ ಗಾಜ್ ತೂಗಿಟ್ಟುಕೊಂಡು, ನೆನೆದ ಮೇಲೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮತ್ತೆ ತೂಗಿ. ಹೆಚ್ಚಾದ ಒಂದು ಗ್ರಾಂಗೆ ಹೆಚ್ಚುಕಡಿಮೆ ಒಂದು ಮಿ.ಲೀ.

ಕೂಸನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ, ಗಡ್ಡೆಯ ಮೇಲೆ ಭಾರ ಬೀಳದಿರಲಿ. ಬೆಚ್ಚಗಿನ ಸಲೈನಿನಲ್ಲಿ ನೆನೆಸಿದ ಸ್ಟೆರೈಲ್ ಗಾಜ್ ಹೊದಿಸಿ, ಮೇಲೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಸುತ್ತಿ. ಲಂಗೋಟಿ ಕಟ್ಟಬೇಡಿ. ರಕ್ತ ಒಸರುತ್ತಿದ್ದರೆ ಅಂಗೈಯಿಂದ ಸಮನಾಗಿ ಒತ್ತಿ ಹಿಡಿಯಿರಿ. ಒಸರುವ ಜಾಗಕ್ಕೆ ಹೊಲಿಗೆ ಹಾಕಹೋದರೆ ಇನ್ನಷ್ಟು ಹರಿಯುತ್ತದೆ. ಹೊಕ್ಕುಳ ಅಭಿಧಮನಿಯಲ್ಲಿ (ಅಂಬಿಲಿಕಲ್ ವೇನ್) ಕ್ಯಾಥೆಟರ್ ಹಾಕಿ ಕಿಲೋಗೆ 10 ಮಿ.ಲೀ. ಓ ನೆಗೆಟಿವ್ ರಕ್ತ ಕೊಡಿ, ರಕ್ತ ಬರುವವರೆಗೆ ಅಷ್ಟೇ ಸಲೈನ್, 5ರಿಂದ 10 ನಿಮಿಷದಲ್ಲಿ. ವಿಟಮಿನ್ ಕೆ 1 ಮಿ.ಗ್ರಾಂ. ಮರೆಯಬೇಡಿ. ಮೈಬಿಸಿ 36.5 ಡಿಗ್ರಿಗಿಂತ ಕೆಳಗಿಳಿದರೆ ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ. ಗುದದ್ವಾರ ಎಲ್ಲಿದೆ, ಮೂತ್ರ ಹೋಯಿತೇ, ಕಾಲಾಡಿಸುತ್ತಿದೆಯೇ ಎಂದು ಬರೆದು ಕಳಿಸಿ.

ತಾಯಿಯ ಗರ್ಭ ಹೆಚ್ಚು ಹಿಗ್ಗಿದ್ದರಿಂದ ಹೆರಿಗೆಯ ನಂತರ ಬಿಗಿಯಾಗದೆ ರಕ್ತ ಹೋಗುವುದು ಸಾಮಾನ್ಯ. ಕೂಸಿನ ಗಲಾಟೆಯಲ್ಲಿ ತಾಯಿಯ ಪಕ್ಕ ಯಾರೂ ಇಲ್ಲದಂತಾಗಬಾರದು. ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಿ. ಸ್ರಾವ ನಿಲ್ಲದಿದ್ದರೆ 500 ಮಿ.ಲೀ. ದ್ರವದಲ್ಲಿ 20 ಯೂನಿಟ್ ಹನಿಸಿ, ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ 10 ನಿಮಿಷದಲ್ಲಿ ಕೊಡಿ. ಅದು ಹೆರಿಗೆಯ ಮೂರು ಗಂಟೆಯೊಳಗೇ ಆಗಬೇಕು. ಉಬ್ಬಸ ಇಲ್ಲದವರಿಗೆ ಕಾರ್ಬೊಪ್ರಾಸ್ಟ್ 250 ಮೈಕ್ರೋಗ್ರಾಂ ಸ್ನಾಯುವಿಗೆ. ರಕ್ತದೊತ್ತಡ ಹೆಚ್ಚಿದ್ದರೆ ಮೆಥರ್ಜಿನ್ ಬೇಡ.

ಶಸ್ತ್ರಚಿಕಿತ್ಸೆ ಮತ್ತು ಆಮೇಲೆ

ಕೂಸು ಸ್ಥಿರವಾಗಿದ್ದರೆ ಮೊದಲ ವಾರದೊಳಗೆ ಗಡ್ಡೆ ತೆಗೆಯುತ್ತಾರೆ. ಮನೆಯವರು ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ: 'ಬಾಲಮೂಳೆಯನ್ನೂ ತೆಗೆದಿರಾ?' ಅದನ್ನು ಉಳಿಸಿದರೆ ಗಡ್ಡೆ ಮರಳಿ ಬರುವ ಸಾಧ್ಯತೆ ಬಹಳ ಹೆಚ್ಚು. ತೆಗೆದದ್ದರಿಂದ ಮಗುವಿನ ನಡಿಗೆಗೆ ತೊಂದರೆಯಿಲ್ಲ. ಗಡ್ಡೆಯನ್ನು ಪೆಥಾಲಜಿಗೆ ಕಳಿಸಿದ ವರದಿ ಕೈಯಲ್ಲಿರಲಿ. ಎಎಫ್‌ಪಿ (ಗಡ್ಡೆ ಮರಳಿದ ಸುಳಿವು ಕೊಡುವ ಪ್ರೋಟೀನ್) ರಕ್ತಪರೀಕ್ಷೆಯ ಸಂಖ್ಯೆ ಸಾವಿರಗಟ್ಟಲೆ ಇದ್ದರೆ ಗಾಬರಿಯಾಗಬೇಡಿ, ಹುಟ್ಟಿದ ಎಲ್ಲ ಕೂಸುಗಳಲ್ಲೂ ಅದು ಹೆಚ್ಚೇ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯೇ ಎಂಬುದಷ್ಟೇ ಮುಖ್ಯ. ಇಳಿದದ್ದು ಮತ್ತೆ ಏರಿದರೆ ಅಂದೇ ತೋರಿಸಿ. ಮೂರು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಗುದದ ಪರೀಕ್ಷೆ, ರಕ್ತಪರೀಕ್ಷೆ ಆಗಲಿ. ಮಲಬದ್ಧತೆ, ಮೂತ್ರ ತೊಟ್ಟಿಕ್ಕುವುದು ಕೆಲವು ಮಕ್ಕಳಲ್ಲಿ ಉಳಿಯುತ್ತದೆ. ಅದಕ್ಕೆ ಔಷಧಿ, ಅಭ್ಯಾಸ ಎರಡೂ ಇವೆ, ನಾಚಿಕೊಂಡು ಮುಚ್ಚಿಡಬೇಡಿ.

ಮುಂದಿನ ಬಸುರಿನಲ್ಲಿ ಇದು ಮತ್ತೆ ಬರುವುದು ತೀರ ಅಪರೂಪ. ಆದರೆ ತಾಯಿಯ ಗರ್ಭಕ್ಕೆ ಲಂಬ ಕೊಯ್ತ ಹಾಕಿದ್ದರೆ ಮುಂದಿನ ಸಲ ನೋವು ಬರುವ ಮೊದಲೇ, 36ರಿಂದ 37ನೇ ವಾರದಲ್ಲಿ ಸಿಸೇರಿಯನ್ ಆಗಬೇಕು. ಹೊಟ್ಟೆಯ ಮೇಲಿನ ಗೆರೆ ಅಡ್ಡವಿದ್ದರೂ ಗರ್ಭದ ಮೇಲಿನದು ಲಂಬವಿರಬಹುದು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ 'ಗರ್ಭಕ್ಕೆ ಲಂಬ ಕೊಯ್ತ' ಎಂದು ಬಿಡಿಸಿ ಬರೆಸಿಕೊಂಡು, ತಾಯಿ ಕಾರ್ಡಿಗೂ ಅದನ್ನೇ ಬರೆಸಿ, ಎರಡರ ಫೋಟೊ ತೆಗೆದಿಟ್ಟುಕೊಂಡ ಮೇಲೆಯೇ ಆಸ್ಪತ್ರೆಯಿಂದ ಹೊರಡಿ.